ಎರಡು ಗ್ರಾಫಿಕ್ಸ್ ಕಾರ್ಡ್‌ಗಳ ನಡುವೆ ಬ್ರಿಡ್ಜ್ ಬೇಕೇ?

ಕಂಪ್ಯೂಟರಿನಲ್ಲಿರುವ ಗ್ರಾಫಿಕ್ಸ್ ಕಾರ್ಡ್ ಸಾಲದೆ ಬಂದಾಗ ಅದನ್ನು ಮಾರಿ ದೊಡ್ಡದೊಂದನ್ನು ತರುವುದೋ, ಅಥವಾ ಅಂಥದೇ ಇನ್ನೊಂದನ್ನು ಅದರ ಪಕ್ಕದಲ್ಲಿ ಕೂರಿಸುವುದೋ ಎಂಬ ಗೊಂದಲ ಹಳೆಯದು. ಎರಡನೆಯ ದಾರಿ ಹಿಡಿದವರಿಗೆ ಕೂಡಲೇ ಎದುರಾಗುವ ಪ್ರಶ್ನೆಯೆಂದರೆ, ಎರಡೂ ಕಾರ್ಡ್‌ಗಳ ಅಂಚನ್ನು ಬೆಸೆಯುವ ಆ ಪುಟ್ಟ ಬ್ರಿಡ್ಜ್ ಇಲ್ಲದೆ ಕೆಲಸ ನಡೆಯುತ್ತದೆಯೇ ಎಂಬುದು. ಹತ್ತು ವರ್ಷಗಳ ಹಿಂದೆ ಇದನ್ನು ಕೇಳುತ್ತಿದ್ದವರು ಬಹುಮಟ್ಟಿಗೆ ಗೇಮ್ ಆಡುವವರು. ಈಗ ಕೇಳುವವರಲ್ಲಿ ಪಠ್ಯ ಬರೆದುಕೊಡುವ ಎಐ ಭಾಷಾ ಮಾದರಿಗಳನ್ನು ಸ್ವಂತ ಯಂತ್ರದಲ್ಲೇ ಓಡಿಸಬೇಕೆನ್ನುವವರು ಮತ್ತು ತ್ರಿಡಿ ಚಿತ್ರಗಳನ್ನು ರೆಂಡರ್ ಮಾಡುವವರು, ಅಂದರೆ ದೃಶ್ಯವನ್ನು ಲೆಕ್ಕಹಾಕಿ ಸಿದ್ಧ ಚಿತ್ರವಾಗಿಸುವವರು, ಹೆಚ್ಚು. ಈ ಮೂವರಿಗೂ ಒಂದೇ ಉತ್ತರ ಕೊಡಲು ಬರುವುದಿಲ್ಲ. ಏಕೆಂದರೆ ಕೈಗೆತ್ತಿಕೊಂಡ ಕೆಲಸವು ಒಂದು ಕಾರ್ಡಿನಿಂದ ಇನ್ನೊಂದಕ್ಕೆ ಎಷ್ಟು ದತ್ತಾಂಶವನ್ನು, ಎಷ್ಟು ಸಲ ಸಾಗಿಸಬೇಕೆಂದು ಬೇಡುತ್ತದೆಯೋ ಆ ಲೆಕ್ಕದ ಮೇಲೆಯೇ ಬ್ರಿಡ್ಜಿನ ಅಗತ್ಯ ನಿಂತಿದೆ.

ಮೊದಲು ದತ್ತಾಂಶ ಸಾಗುವ ದಾರಿಗಳನ್ನು ನೋಡೋಣ. ಪ್ರತಿಯೊಂದು ಕಾರ್ಡ್ ಮದರ್‌ಬೋರ್ಡಿನ ಪಿಸಿಐ ಎಕ್ಸ್‌ಪ್ರೆಸ್ ಸ್ಲಾಟಿನಲ್ಲಿ ಕೂರುತ್ತದೆ. ಆ ಸ್ಲಾಟಿನಲ್ಲಿ 16 ಲೇನ್‌ಗಳಿದ್ದರೆ (ಲೇನ್ ಎಂದರೆ ದತ್ತಾಂಶ ಹರಿಯುವ ಒಂದು ಪಥ) ಈ ವ್ಯವಸ್ಥೆಯ ಮೂರನೆಯ ಪೀಳಿಗೆಯಲ್ಲಿ ಒಂದು ದಿಕ್ಕಿಗೆ ಸೆಕೆಂಡಿಗೆ ಸುಮಾರು 16 ಜಿಬಿ, ನಾಲ್ಕನೆಯದರಲ್ಲಿ ಸುಮಾರು 32 ಜಿಬಿ, ಐದನೆಯದರಲ್ಲಿ ಸುಮಾರು 64 ಜಿಬಿ ಹರಿಯಬಲ್ಲದು. ಕೇಳುವುದಕ್ಕೆ ಇದು ಧಾರಾಳವಾಗಿಯೇ ಇದೆ. ಆದರೆ ಮನೆಬಳಕೆಯ ಪ್ರೊಸೆಸರ್‌ಗಳು ಗ್ರಾಫಿಕ್ಸ್‌ಗೆಂದು ಮೀಸಲಿಡುವ ಲೇನ್‌ಗಳು ಸಾಮಾನ್ಯವಾಗಿ ಹದಿನಾರೇ. ಎರಡನೆಯ ಕಾರ್ಡ್ ಬಂದೊಡನೆ ಅವು ಎಂಟು ಎಂಟಾಗಿ ಪಾಲಾಗುತ್ತವೆ. ಅದೂ ಒಳ್ಳೆಯ ಮದರ್‌ಬೋರ್ಡ್ ಆಗಿದ್ದರೆ ಮಾತ್ರ. ಅಗ್ಗದ ಬೋರ್ಡ್‌ಗಳಲ್ಲಿ ಎರಡನೆಯ ಉದ್ದನೆಯ ಸ್ಲಾಟ್ ನೋಡಲು ಮೊದಲನೆಯದರಂತೆಯೇ ಇದ್ದರೂ ಒಳಗೆ ನಾಲ್ಕೇ ಲೇನ್‌ಗಳಿರುತ್ತವೆ, ಅವೂ ನೇರವಾಗಿ ಪ್ರೊಸೆಸರ್‌ಗೆ ಹೋಗದೆ ಚಿಪ್‌ಸೆಟ್ ಮೂಲಕ ಸುತ್ತಿಕೊಂಡು ಹೋಗುತ್ತವೆ. ಪೆಟ್ಟಿಗೆಯ ಮೇಲಿನ ಚಿತ್ರದಿಂದ ಇದು ತಿಳಿಯುವುದಿಲ್ಲ. ಬೋರ್ಡಿನ ಕೈಪಿಡಿಯಲ್ಲಿ ಲೇನ್‌ಗಳ ಹಂಚಿಕೆಯ ಕೋಷ್ಟಕವನ್ನು ಹುಡುಕಿ ಓದುವುದೊಂದೇ ದಾರಿ.

ಇನ್ನೊಂದು ಸುತ್ತುದಾರಿಯೂ ಇದೆ. ಒಂದು ಕಾರ್ಡ್ ಇನ್ನೊಂದರ ಮೆಮೊರಿಗೆ ನೇರವಾಗಿ ಕೈಹಾಕಲು ಡ್ರೈವರ್, ಅಂದರೆ ಕಾರ್ಡನ್ನು ನಡೆಸುವ ತಂತ್ರಾಂಶ, ಅನುಮತಿ ಕೊಟ್ಟಿರಬೇಕು. ಆರ್‌ಟಿಎಕ್ಸ್ 3090 ಮತ್ತು 4090ರಂಥ ಜೀಫೋರ್ಸ್ ಕಾರ್ಡ್‌ಗಳಿಗೆ ಪಿಸಿಐ ಎಕ್ಸ್‌ಪ್ರೆಸ್ ಮೇಲೆ ಈ ಅನುಮತಿಯನ್ನು ಎನ್‌ವಿಡಿಯಾದ ಅಧಿಕೃತ ಡ್ರೈವರ್ ಕೊಡುವುದಿಲ್ಲ. ಹಾಗಾಗಿ ಮೊದಲ ಕಾರ್ಡಿನಿಂದ ಹೊರಟ ದತ್ತಾಂಶ ಮೊದಲು ಕಂಪ್ಯೂಟರಿನ ಮುಖ್ಯ ರ‍್ಯಾಮ್‌ಗೆ ಇಳಿದು, ಅಲ್ಲಿಂದ ಎರಡನೆಯ ಕಾರ್ಡಿಗೆ ಏರಬೇಕು. ಕಾಗದದ ಮೇಲಿನ ವೇಗ ಕೈಗೆ ಸಿಗದಿರುವುದಕ್ಕೆ ಲೇನ್‌ಗಳ ಕೊರತೆಯಷ್ಟೇ ಈ ಇಳಿದೇರುವಿಕೆಯೂ ಕಾರಣ. ಇವೆರಡೂ ಅಡ್ಡಿಗಳನ್ನು ಬದಿಗಿಟ್ಟು ಎರಡು ಚಿಪ್‌ಗಳ ನಡುವೆ ಖಾಸಗಿ ದಾರಿಯೊಂದನ್ನು ಹಾಕಿಕೊಡುವುದು ಬ್ರಿಡ್ಜಿನ ಕೆಲಸ.

ಬ್ರಿಡ್ಜ್ ಎಂಬ ಹೆಸರಿನಲ್ಲಿ ಇಲ್ಲಿಯವರೆಗೆ ಬಂದಿರುವ ವಸ್ತುಗಳೆಲ್ಲ ಒಂದೇ ಜಾತಿಯವಲ್ಲ. ಈ ವಿಷಯದ ಬಗ್ಗೆ ಇರುವ ತಪ್ಪು ತಿಳಿವಳಿಕೆಗಳಲ್ಲಿ ಅರ್ಧಕ್ಕರ್ಧ ಈ ಕಲಸುಮೇಲೋಗರದಿಂದಲೇ ಹುಟ್ಟಿದವು.

1998ರಲ್ಲಿ ತ್ರಿಡಿಎಫ್ಎಕ್ಸ್ ಕಂಪನಿಯ ವೂಡೂ 2 ಕಾರ್ಡ್‌ಗಳನ್ನು ಪಟ್ಟಿಯಂಥ ಒಂದು ಕೇಬಲ್‌ನಿಂದ ಜೋಡಿಸಬಹುದಾಗಿತ್ತು. ಪರದೆಯ ಒಂದು ಅಡ್ಡಗೆರೆಯನ್ನು ಒಂದು ಕಾರ್ಡ್ ಬಿಡಿಸಿದರೆ ಅದರ ಮುಂದಿನ ಗೆರೆಯನ್ನು ಇನ್ನೊಂದು ಬಿಡಿಸುತ್ತಿತ್ತು. ಎಸ್‌ಎಲ್‌ಐ (ಸ್ಕ್ಯಾನ್-ಲೈನ್ ಇಂಟರ್‌ಲೀವ್) ಎಂಬ ಹೆಸರು ಹುಟ್ಟಿದ್ದು ಅಲ್ಲಿ. 2000ದ ಕೊನೆಯಲ್ಲಿ ತ್ರಿಡಿಎಫ್ಎಕ್ಸ್‌ನ ಆಸ್ತಿಯನ್ನು ಕೊಂಡ ಎನ್‌ವಿಡಿಯಾ, 2004ರಲ್ಲಿ ಜೀಫೋರ್ಸ್ 6800 ಕಾರ್ಡ್‌ಗಳೊಡನೆ ಅದೇ ಹೆಸರನ್ನು ಮತ್ತೆ ಚಲಾವಣೆಗೆ ತಂದಿತು. ಒಳಗಿನ ವಿಧಾನ ಮಾತ್ರ ಬೇರೆಯಾಗಿತ್ತು. ಮರುವರ್ಷವೇ ಎಟಿಐ ಕಂಪನಿ ಕ್ರಾಸ್‌ಫೈರ್ ತಂದಿತು. ಅದರ ಮೊದಲ ರೂಪದಲ್ಲಿ ಎರಡು ಕಾರ್ಡ್‌ಗಳಲ್ಲಿ ಒಂದು ವಿಶೇಷವಾದ ‘ಮಾಸ್ಟರ್’ ಕಾರ್ಡೇ ಆಗಿರಬೇಕಿತ್ತು, ಮತ್ತು ಎರಡನ್ನೂ ಕಂಪ್ಯೂಟರಿನ ಹಿಂಬದಿಯಿಂದ, ಹೊರಗೆ ಒಂದು ಕೇಬಲ್ ಹಾಕಿ ಕೂಡಿಸಬೇಕಿತ್ತು. ಆ ವ್ಯವಸ್ಥೆಯನ್ನು ಚೆಂದವೆಂದು ಯಾರೂ ಕರೆದಿರಲಾರರು.

ಆ ಕಾಲದ ಗೇಮ್‌ಗಳಲ್ಲಿ ಬಹುಪಾಲು ಬಳಕೆಯಾದದ್ದು ಸರದಿಯ ಪದ್ಧತಿ: ಒಂದನೆಯ ಫ್ರೇಮನ್ನು (ಪರದೆಗೆ ಸಾಲಾಗಿ ಬರುವ ಚಿತ್ರಗಳಲ್ಲಿ ಒಂದನ್ನು) ಮೊದಲ ಕಾರ್ಡ್, ಎರಡನೆಯದನ್ನು ಎರಡನೆಯ ಕಾರ್ಡ್, ಮೂರನೆಯದನ್ನು ಮತ್ತೆ ಮೊದಲ ಕಾರ್ಡ್ ಬಿಡಿಸುತ್ತದೆ. ಮಾನಿಟರಿನ ತಂತಿ ಮೊದಲ ಕಾರ್ಡಿಗೆ ಮಾತ್ರ ಸೇರಿರುವುದರಿಂದ ಎರಡನೆಯ ಕಾರ್ಡ್ ತಾನು ಬಿಡಿಸಿ ಮುಗಿಸಿದ ಚಿತ್ರವನ್ನು ಮೊದಲನೆಯದಕ್ಕೆ ದಾಟಿಸಬೇಕು. ಹಳೆಯ ಎಸ್‌ಎಲ್‌ಐ ಬ್ರಿಡ್ಜ್ ಹೊರುತ್ತಿದ್ದುದು ಮುಖ್ಯವಾಗಿ ಇಷ್ಟನ್ನೇ, ಸಿದ್ಧ ಚಿತ್ರದ ಬಿಂದುಗಳನ್ನು. 1920×1080 ಬಿಂದುಗಳ ಒಂದು ಚಿತ್ರಕ್ಕೆ ಬಿಂದುವಿಗೆ 4 ಬೈಟ್‌ನಂತೆ ಸುಮಾರು 8.3 ಎಂಬಿ ಬೇಕು. ಸೆಕೆಂಡಿಗೆ 60 ಫ್ರೇಮ್ ಬೇಕೆಂದರೆ ಅವುಗಳಲ್ಲಿ 30 ಎರಡನೆಯ ಕಾರ್ಡಿನಿಂದ ಬರುವಂಥವು. ಅಂದರೆ ಸೆಕೆಂಡಿಗೆ 250 ಎಂಬಿ. ಸೆಕೆಂಡಿಗೆ ಸುಮಾರು 1 ಜಿಬಿ ಸಾಗಿಸಬಲ್ಲ ಆ ಬ್ರಿಡ್ಜಿಗೆ ಇದು ಹಗುರವಾದ ಹೊರೆ. ಆದರೆ 4ಕೆ ಪರದೆಯಲ್ಲಿ ಪ್ರತಿ ಚಿತ್ರವೂ 33 ಎಂಬಿಗೆ ಏರುತ್ತದೆ, ಒಟ್ಟು ಹೊರೆ ಸೆಕೆಂಡಿಗೆ 1 ಜಿಬಿ ಮುಟ್ಟುತ್ತದೆ, ಬ್ರಿಡ್ಜ್ ಅಲ್ಲಿಗೆ ಏದುಸಿರು ಬಿಡುತ್ತದೆ. ಈ ಇಕ್ಕಟ್ಟಿಗೆ ಎರಡು ಕಂಪನಿಗಳು ಎರಡು ಬಗೆಯ ಪರಿಹಾರ ಹುಡುಕಿದವು. ಎಟಿಐಯನ್ನು ಅಷ್ಟರಲ್ಲಿ ಕೊಂಡಿದ್ದ ಎಎಂಡಿ 2013ರಲ್ಲಿ ರೇಡಿಯಾನ್ ಆರ್9 290ಎಕ್ಸ್ ಕಾರ್ಡಿನಿಂದ ಬ್ರಿಡ್ಜನ್ನೇ ಕಿತ್ತುಹಾಕಿ, ಚಿತ್ರಗಳನ್ನು ಪಿಸಿಐ ಎಕ್ಸ್‌ಪ್ರೆಸ್ ಮೂಲಕವೇ ಕಳುಹಿಸಿತು. ಎನ್‌ವಿಡಿಯಾ 2016ರಲ್ಲಿ ಜಿಟಿಎಕ್ಸ್ 1080ರೊಡನೆ ಹೆಚ್ಚು ವೇಗದ ಬ್ರಿಡ್ಜೊಂದನ್ನು ಮಾರುಕಟ್ಟೆಗೆ ಬಿಟ್ಟಿತು. ಸಿದ್ಧ ಚಿತ್ರವನ್ನು ದಾಟಿಸುವುದಷ್ಟೇ ಕೆಲಸವಾಗಿದ್ದರೆ ಎಂಟು ಲೇನ್‌ಗಳ ಸ್ಲಾಟೇ ಧಾರಾಳವಾಯಿತೆಂಬ ಎಎಂಡಿಯ ಲೆಕ್ಕ, ನನ್ನ ದೃಷ್ಟಿಯಲ್ಲಿ, ಹೆಚ್ಚು ಸರಿಯಾದ ಲೆಕ್ಕ.

ಹಾಗಿದ್ದರೂ ಗೇಮ್‌ಗಳಲ್ಲಿ ಜೋಡಿ ಕಾರ್ಡ್‌ಗಳ ಕಾಲ ಮುಗಿದದ್ದು ಬ್ರಿಡ್ಜಿನ ವೇಗದ ಕಾರಣದಿಂದ ಅಲ್ಲವೇ ಅಲ್ಲ. ಮೊದಲ ತೊಡಕು ಮೆಮೊರಿಯದು. ಸರದಿಯ ಮೇಲೆ ಇಡೀ ಫ್ರೇಮ್ ಬಿಡಿಸಬೇಕಾದ ಪ್ರತಿ ಕಾರ್ಡಿನಲ್ಲೂ ದೃಶ್ಯದ ಸಕಲ ಸಾಮಗ್ರಿಯೂ ಇರಲೇಬೇಕು. ಒಂದೇ ಪುಸ್ತಕವನ್ನು ಇಬ್ಬರು ತಮ್ಮ ತಮ್ಮ ಮನೆಯಲ್ಲಿ ಕೂತು ಓದಬೇಕಾದರೆ ಎರಡು ಪ್ರತಿ ಬೇಕಾಗುವಂತೆ. ಆದ್ದರಿಂದ 4 ಜಿಬಿಯ ಎರಡು ಕಾರ್ಡ್ ಹಾಕಿದವರಿಗೆ ಗೇಮಿನಲ್ಲಿ ಸಿಗುತ್ತಿದ್ದುದು 4 ಜಿಬಿಯೇ ಹೊರತು 8 ಅಲ್ಲ. ಎರಡನೆಯ ತೊಡಕು ಕಣ್ಣಿಗೆ ಕಾಣುವಂಥದು, ಅಳತೆಯ ಅಂಕಿಗೆ ಸಿಗದಂಥದು. ಎರಡು ಕಾರ್ಡ್‌ಗಳು ಸಮ ಅಂತರದಲ್ಲಿ ಫ್ರೇಮ್‌ಗಳನ್ನು ಮುಗಿಸಿದರೆ ಪ್ರತಿ 16.7 ಮಿಲಿಸೆಕೆಂಡಿಗೆ ಒಂದರಂತೆ ಬಂದು ಸೆಕೆಂಡಿಗೆ 60 ಆಗುತ್ತವೆ. ಆದರೆ ಒಂದು ಫ್ರೇಮ್ ಬಂದ 5 ಮಿಲಿಸೆಕೆಂಡಿಗೇ ಇನ್ನೊಂದು ಬಂದು, ಅದರ ಮುಂದಿನದು 28 ಮಿಲಿಸೆಕೆಂಡ್ ತಡಮಾಡಿ ಬಂದರೂ ಸರಾಸರಿ ಹೆಚ್ಚುಕಡಿಮೆ ಅದೇ; ಲೆಕ್ಕ ತೋರಿಸುವ ತಂತ್ರಾಂಶ 60 ಎಂದೇ ಹೇಳುತ್ತದೆ. ನೋಡುವವರಿಗೆ ಮಾತ್ರ ಚಿತ್ರ ಮುಗ್ಗರಿಸುತ್ತಿರುವಂತೆ ಕಾಣುತ್ತದೆ. 2013ರಲ್ಲಿ ಫ್ರೇಮ್‌ಗಳು ನಿಜಕ್ಕೂ ಪರದೆಗೆ ಬಂದ ಹೊತ್ತನ್ನು ಹಿಡಿದು ಅಳೆಯುವ ಪರೀಕ್ಷಾ ವಿಧಾನ ಬಳಕೆಗೆ ಬಂದಾಗ ಈ ಏರುಪೇರು ಬಯಲಾಯಿತು, ಎಎಂಡಿ ಅದೇ ವರ್ಷ ಫ್ರೇಮ್‌ಗಳನ್ನು ಸಮ ಅಂತರಕ್ಕೆ ತರುವ ಡ್ರೈವರ್ ಬಿಡುಗಡೆ ಮಾಡಬೇಕಾಯಿತು.

ಕೊನೆಯ ಪೆಟ್ಟು ಕೊಟ್ಟದ್ದು ಗೇಮ್ ಚಿತ್ರಣದ ತಂತ್ರವೇ. ಹಿಂದಿನ ಫ್ರೇಮಿನ ಬಿಂದುಗಳನ್ನು ಬಳಸಿಕೊಂಡು ಈಗಿನ ಫ್ರೇಮಿನ ಅಂಚುಗಳನ್ನು ನಯಗೊಳಿಸುವ ವಿಧಾನಗಳು ಸಾರ್ವತ್ರಿಕವಾದವು. ಎರಡನೆಯ ಕಾರ್ಡ್ ತನ್ನ ಫ್ರೇಮನ್ನು ಮುಗಿಸಲು ಮೊದಲ ಕಾರ್ಡಿನ ಫ್ರೇಮ್ ಕೈಗೆ ಬರುವವರೆಗೆ ಕಾಯಬೇಕೆಂದಾದಾಗ ಸರದಿಯ ಪದ್ಧತಿಯ ಲಾಭವೇ ಕರಗಿತು. 2015ರಲ್ಲಿ ವಿಂಡೋಸ್ 10ರೊಡನೆ ಬಂದ ಡೈರೆಕ್ಟ್‌ಎಕ್ಸ್ 12 ಎಂಬ, ಗೇಮ್‌ಗಳು ಗ್ರಾಫಿಕ್ಸ್ ಕಾರ್ಡಿನೊಡನೆ ವ್ಯವಹರಿಸುವ ತಂತ್ರಾಂಶ, ಎರಡು ಕಾರ್ಡ್‌ಗಳನ್ನು ದುಡಿಸುವ ಹೊಣೆಯನ್ನು ಡ್ರೈವರಿನಿಂದ ಇಳಿಸಿ ಗೇಮ್ ಬರೆಯುವವರ ಹೆಗಲಿಗೇರಿಸಿತು. ಬ್ರಿಡ್ಜ್ ಇಲ್ಲದೆ, ಎಎಂಡಿ ಮತ್ತು ಎನ್‌ವಿಡಿಯಾ ಕಾರ್ಡ್‌ಗಳನ್ನು ಬೆರೆಸಿಯೂ ಓಡಿಸಬಹುದೆಂದು 2016ರ ಆ್ಯಶಸ್ ಆಫ್ ದ ಸಿಂಗ್ಯುಲ್ಯಾರಿಟಿ ಎಂಬ ಗೇಮ್ ತೋರಿಸಿಕೊಟ್ಟಿತಾದರೂ, ಜೋಡಿ ಕಾರ್ಡ್ ಇಟ್ಟುಕೊಂಡ ಬೆರಳೆಣಿಕೆಯ ಗಿರಾಕಿಗಳಿಗಾಗಿ ಅಷ್ಟು ಶ್ರಮಪಡುವ ಮನಸ್ಸು ಉಳಿದವರಿಗೆ ಬರಲಿಲ್ಲ. ಹಳೆಯ ಕಾರ್ಡ್‌ಗಳಿಗೆ 2021ರ ಜನವರಿ 1ರ ನಂತರ ಹೊಸ ಎಸ್‌ಎಲ್‌ಐ ಪ್ರೊಫೈಲ್‌ಗಳನ್ನು (ಆಯಾ ಗೇಮಿಗೆಂದು ಡ್ರೈವರಿನಲ್ಲಿಡುವ ಹೊಂದಿಕೆಗಳನ್ನು) ಸೇರಿಸುವುದಿಲ್ಲವೆಂದು ಎನ್‌ವಿಡಿಯಾ 2020ರಲ್ಲಿ ಘೋಷಿಸಿತು. ಗೇಮ್‌ಗಾಗಿ ಇಂದು ಎರಡನೆಯ ಕಾರ್ಡ್ ಕೊಳ್ಳುವುದು, ಬ್ರಿಡ್ಜ್ ಇರಲಿ ಬಿಡಲಿ, ಹಣ ಹಾಳು ಮಾಡಿಕೊಂಡಂತೆಯೇ ಸರಿ.

ಎನ್‌ವಿಲಿಂಕ್ ಹೆಸರಿನ ಬ್ರಿಡ್ಜ್ ಹಳೆಯ ಎಸ್‌ಎಲ್‌ಐ ಬ್ರಿಡ್ಜಿನಂತೆಯೇ ಕಂಡರೂ ಅದರ ಹುಟ್ಟು ಬೇರೆ ಕಡೆಯದು. 2016ರಲ್ಲಿ ಟೆಸ್ಲಾ ಪಿ100 ಎಂಬ ಡೇಟಾ ಸೆಂಟರ್ ಚಿಪ್‌ನೊಡನೆ ಬಂದ ಈ ಸಂಪರ್ಕ, 2018ರಲ್ಲಿ ಆರ್‌ಟಿಎಕ್ಸ್ 2080 ಮತ್ತು 2080 ಟಿಐ ಕಾರ್ಡ್‌ಗಳ ಮೂಲಕ ಮನೆಯ ಕಂಪ್ಯೂಟರಿಗೆ ಇಳಿಯಿತು. ಸಿದ್ಧ ಚಿತ್ರಗಳಷ್ಟೇ ಅಲ್ಲದೆ ಮೆಮೊರಿಯ ಯಾವುದೇ ದತ್ತಾಂಶವನ್ನು ಇದು ಸಾಗಿಸಬಲ್ಲದು. ಒಂದು ಕಾರ್ಡಿನ ಪ್ರೋಗ್ರಾಮ್ ಇನ್ನೊಂದರ ಮೆಮೊರಿಯನ್ನು ರ‍್ಯಾಮ್‌ಗೆ ಇಳಿಯದೆ ನೇರವಾಗಿ ಓದಬಲ್ಲದು. 2020ರ 30ನೇ ಸರಣಿಯಲ್ಲಿ ಇದು ಆರ್‌ಟಿಎಕ್ಸ್ 3090ಕ್ಕೂ, ಆಮೇಲೆ ಬಂದ 3090 ಟಿಐಗೂ ಮಾತ್ರ ದಕ್ಕಿತು. 2022ರ 4090ರಲ್ಲಿ ಆ ಕನೆಕ್ಟರೇ ಇಲ್ಲ, 2025ರ 5090ರಲ್ಲಿಯೂ ಇಲ್ಲ. 24 ಜಿಬಿ ಮೆಮೊರಿಯ ಹಳೆಯ 3090ಕ್ಕೆ ಸೆಕೆಂಡ್ ಹ್ಯಾಂಡ್ ಮಾರುಕಟ್ಟೆಯಲ್ಲಿ ಇಂದಿಗೂ ಬೇಡಿಕೆ ಇರುವುದಕ್ಕೆ ಇದೂ ಒಂದು ಕಾರಣ.

3090ರ ಎನ್‌ವಿಲಿಂಕ್ ವೇಗ ಸೆಕೆಂಡಿಗೆ 112.5 ಜಿಬಿ ಎಂದು ಕಂಪನಿಯ ವಿವರಪಟ್ಟಿ ಹೇಳುತ್ತದೆ. ಎರಡೂ ದಿಕ್ಕುಗಳನ್ನು ಕೂಡಿಸಿ ಹೇಳಿದ ಅಂಕಿ ಅದು. ಒಂದು ದಿಕ್ಕಿಗೆ ಸಿಗುವುದು ಸುಮಾರು 56 ಜಿಬಿ. ನಾಲ್ಕನೆಯ ಪೀಳಿಗೆಯ 16 ಲೇನ್‌ಗಳ ಸ್ಲಾಟ್ ಒಂದು ದಿಕ್ಕಿಗೆ 32 ಜಿಬಿ ಕೊಡುತ್ತದೆಯಾದ್ದರಿಂದ, ಕಾಗದದ ಮೇಲೆ ಬ್ರಿಡ್ಜಿನ ಮುನ್ನಡೆ ಎರಡು ಪಟ್ಟೂ ಇಲ್ಲ. ಆದರೆ ಲೇನ್‌ಗಳು ಎಂಟಕ್ಕೆ ಇಳಿದರೆ ಅಂತರ ಮೂರೂವರೆ ಪಟ್ಟಾಗುತ್ತದೆ, ಬೋರ್ಡ್ ಮೂರನೆಯ ಪೀಳಿಗೆಯದಾದರೆ ಏಳು ಪಟ್ಟಾಗುತ್ತದೆ, ಜೊತೆಗೆ ರ‍್ಯಾಮ್‌ಗೆ ಇಳಿದು ಏರುವ ವಿಳಂಬ ಬೇರೆ. ಹೋಲಿಸುವಾಗ ತಮ್ಮ ಬೋರ್ಡಿನಲ್ಲಿ ಸಿಗುವ ನಿಜವಾದ ದಾರಿ ಯಾವುದೆಂದು ನೋಡಿ ಹೋಲಿಸಬೇಕು.

ಇಲ್ಲೊಂದು ಭ್ರಮೆಯನ್ನು ಬಿಡಿಸಬೇಕು. ಬ್ರಿಡ್ಜ್ ಹಾಕಿದ ಮಾತ್ರಕ್ಕೆ 24 ಜಿಬಿಯ ಎರಡು ಕಾರ್ಡ್‌ಗಳು 48 ಜಿಬಿಯ ಒಂದು ಕಾರ್ಡಾಗಿ ವಿಂಡೋಸಿಗೋ ಲಿನಕ್ಸಿಗೋ ಕಾಣಿಸಿಕೊಳ್ಳುವುದಿಲ್ಲ. ದತ್ತಾಂಶವನ್ನು ಎರಡರಲ್ಲಿ ಹಂಚಿಟ್ಟುಕೊಂಡು ಬೇಕಾದಾಗ ತರಿಸಿಕೊಳ್ಳುವ ಜಾಣ್ಮೆ ಆಯಾ ತಂತ್ರಾಂಶದಲ್ಲಿಯೇ ಇರಬೇಕು. ತ್ರಿಡಿ ಚಿತ್ರಗಳನ್ನು ತಯಾರಿಸುವ ಬ್ಲೆಂಡರ್ ತಂತ್ರಾಂಶ ಇದಕ್ಕೆ ಒಳ್ಳೆಯ ಉದಾಹರಣೆ. ಅದರ ಸೈಕಲ್ಸ್ ರೆಂಡರರ್‌ಗೆ 2020ರ 2.90 ಆವೃತ್ತಿಯಲ್ಲಿ, ಎನ್‌ವಿಲಿಂಕ್ ಇರುವ ಕಾರ್ಡ್‌ಗಳಲ್ಲಿ ದೃಶ್ಯದ ಮೆಮೊರಿಯನ್ನು ಹಂಚಿಡುವ ಆಯ್ಕೆ ಬಂದಿತು. ಒಂದು ಕಾರ್ಡಿನಲ್ಲಿ ಹಿಡಿಸದಷ್ಟು ದೊಡ್ಡ ದೃಶ್ಯಕ್ಕೆ ಅದು ವರವೇ ಸರಿ. ಅಷ್ಟು ದೊಡ್ಡದಲ್ಲದ ದೃಶ್ಯಕ್ಕೆ ಬ್ರಿಡ್ಜಿನ ಹಂಗೇ ಬೇಡ. ಪ್ರತಿ ಕಾರ್ಡಿಗೂ ದೃಶ್ಯದ ಒಂದೊಂದು ಪ್ರತಿ ಕೊಟ್ಟು ಕೆಲಸ ಹಂಚಿದರೆ ರೆಂಡರ್ ಮುಗಿಯುವವರೆಗೆ ಅವು ಒಂದನ್ನೊಂದು ವಿಚಾರಿಸುವ ಪ್ರಸಂಗವೇ ಬರುವುದಿಲ್ಲ, ಎರಡನೆಯ ಕಾರ್ಡ್ ಬಂದಾಗ ಸಮಯ ಅರ್ಧದ ಸಮೀಪಕ್ಕೆ ಇಳಿಯುತ್ತದೆ. ಕಾರ್ಡ್‌ಗಳು ಒಂದೇ ಮಾದರಿಯವಾಗಿರಬೇಕೆಂಬ ಕಟ್ಟಳೆಯೂ ಇಲ್ಲಿಲ್ಲ. ಮೂವತ್ತು ದಿನಗಳ ಅನಿಮೇಷನ್ ಕೆಲಸ ಹೊತ್ತ ಸಣ್ಣ ಸ್ಟುಡಿಯೋ ತನ್ನಲ್ಲಿರುವ ಹಳೆಯ ಕಾರ್ಡನ್ನೂ ಹೊಸದರ ಜೊತೆಗೆ ದುಡಿಸಿಕೊಳ್ಳಬಹುದು.

ಭಾಷಾ ಮಾದರಿಗಳ ವಿಷಯದಲ್ಲಿ ಲೆಕ್ಕ ಇನ್ನಷ್ಟು ಸ್ವಾರಸ್ಯಕರವಾಗುತ್ತದೆ. ಲಾಮಾ 3 ಕುಟುಂಬದ 70 ಬಿಲಿಯನ್ ಪ್ಯಾರಾಮೀಟರಿನ (ಮಾದರಿ ಕಲಿತದ್ದನ್ನು ಹಿಡಿದಿಡುವ ಸಂಖ್ಯೆಗಳ) ಮಾದರಿಯನ್ನು ತೆಗೆದುಕೊಳ್ಳೋಣ. ಅದರ ಪ್ರತಿ ಸಂಖ್ಯೆಯನ್ನೂ 4 ಬಿಟ್‌ಗೆ ಕುಗ್ಗಿಸಿದರೂ ಸುಮಾರು 40 ಜಿಬಿ ಬೇಕು. ಒಂದು 3090ಕ್ಕೆ ಅದು ಹಿಡಿಸುವುದಿಲ್ಲ, ಎರಡಕ್ಕೆ ಹಿಡಿಸುತ್ತದೆ. ಹಂಚುವ ಸರಳ ವಿಧಾನವೆಂದರೆ ಮಾದರಿಯ 80 ಪದರಗಳಲ್ಲಿ ಮೊದಲ 40ನ್ನು ಒಂದು ಕಾರ್ಡಿನಲ್ಲಿ, ಉಳಿದ 40ನ್ನು ಇನ್ನೊಂದರಲ್ಲಿ ಇಡುವುದು. ಲಾಮಾ.ಸಿಪಿಪಿ ತಂತ್ರಾಂಶ ತಾನಾಗಿ ಮಾಡುವುದು ಇದನ್ನೇ. ನಲವತ್ತನೆಯ ಪದರ ಮುಗಿದಾಗ ಗಡಿ ದಾಟಬೇಕಾದದ್ದು 8192 ಸಂಖ್ಯೆಗಳ ಒಂದು ಸಾಲು. ಸಂಖ್ಯೆಗೆ 2 ಬೈಟ್ ಎಂದರೆ ಪ್ರತಿ ಟೋಕನ್‌ಗೆ (ಮಾದರಿ ಒಮ್ಮೆಗೆ ಹುಟ್ಟಿಸುವ ಪದ ಅಥವಾ ಪದದ ತುಣುಕಿಗೆ) 16 ಕೆಬಿ. ಮೂರನೆಯ ಪೀಳಿಗೆಯ ನಾಲ್ಕೇ ಲೇನ್‌ಗಳ ಬಡ ಸ್ಲಾಟ್ ಕೂಡ ಸೆಕೆಂಡಿಗೆ ಹತ್ತಿರ ಹತ್ತಿರ 4 ಜಿಬಿ ಸಾಗಿಸುವುದರಿಂದ ಅಷ್ಟನ್ನು ದಾಟಿಸಲು ಅದಕ್ಕೆ ಕೆಲವೇ ಮೈಕ್ರೋಸೆಕೆಂಡ್ ಸಾಕು. ಬ್ರಿಡ್ಜ್ ಹಾಕಿ ಇಲ್ಲಿ ಉಳಿಸುವುದಕ್ಕೆ ಏನೂ ಇಲ್ಲ.

ಆದರೆ ಈ ವಿಧಾನದಲ್ಲಿ ಎರಡು ಕಾರ್ಡ್‌ಗಳು ಒಟ್ಟಿಗೆ ದುಡಿಯುವುದಿಲ್ಲವೆಂಬುದನ್ನು ಗಮನಿಸಬೇಕು. ಮೊದಲನೆಯದು ಲೆಕ್ಕ ಮಾಡುವಾಗ ಎರಡನೆಯದು ಸುಮ್ಮನಿರುತ್ತದೆ, ಎರಡನೆಯದರ ಸರದಿ ಬಂದಾಗ ಮೊದಲನೆಯದು. ಪ್ರತಿ ಟೋಕನ್ ಹುಟ್ಟಿಸಲು ಇಡೀ 40 ಜಿಬಿಯನ್ನು ಒಮ್ಮೆ ಓದಬೇಕು; 3090ರ ಮೆಮೊರಿ ಸೆಕೆಂಡಿಗೆ 936 ಜಿಬಿ ಓದಬಲ್ಲದಾದ್ದರಿಂದ ಒಂದು ಟೋಕನ್‌ಗೆ 43 ಮಿಲಿಸೆಕೆಂಡ್ ಹಿಡಿಯುತ್ತದೆ, ಸೆಕೆಂಡಿಗೆ ಹೆಚ್ಚೆಂದರೆ 23 ಟೋಕನ್‌ಗಳು. ಎರಡನೆಯ ಕಾರ್ಡ್ ಇಲ್ಲಿ ತಂದುಕೊಡುವುದು ಜಾಗವನ್ನು, ವೇಗವನ್ನಲ್ಲ.

ವೇಗವೂ ಬೇಕೆನ್ನುವವರು ಪ್ರತಿ ಪದರವನ್ನೇ ಸೀಳಿ ಅರ್ಧರ್ಧ ಹಂಚುತ್ತಾರೆ. ವಿಎಲ್‌ಎಲ್‌ಎಂನಂಥ ತಂತ್ರಾಂಶಗಳಲ್ಲಿ ಟೆನ್ಸರ್ ಪ್ಯಾರಲಲ್ ಎಂದು ಕರೆಯುವುದು ಇದನ್ನು. ಆಗ ಎರಡೂ ಕಾರ್ಡ್‌ಗಳು ಏಕಕಾಲಕ್ಕೆ 20 ಜಿಬಿಯಷ್ಟನ್ನು ಮಾತ್ರ ಓದುವುದರಿಂದ ಆ 43 ಮಿಲಿಸೆಕೆಂಡ್ ಸಿದ್ಧಾಂತದಲ್ಲಿ 21ಕ್ಕೆ ಇಳಿಯುತ್ತದೆ. ಅದಕ್ಕೆ ತೆರಬೇಕಾದ ಬೆಲೆಯೆಂದರೆ ಪ್ರತಿ ಪದರದಲ್ಲಿ ಎರಡು ಸಲ ಇಬ್ಬರೂ ತಮ್ಮ ಅರೆಬರೆ ಉತ್ತರಗಳನ್ನು ಕೂಡಿಸಿಕೊಳ್ಳಬೇಕು. 80 ಪದರಗಳಿಗೆ ಒಂದು ಟೋಕನ್‌ಗೆ 160 ಸಲ. ಪ್ರತಿ ಸಲ ದಾಟುವುದು ಅದೇ 16 ಕೆಬಿ ಆದ್ದರಿಂದ ದಾರಿಯ ಅಗಲ ಇಲ್ಲಿ ಮುಖ್ಯವಲ್ಲ, ಒಂದು ಓಡಾಟಕ್ಕೆ ತಗಲುವ ಕನಿಷ್ಠ ಹೊತ್ತು ಮುಖ್ಯ. ಒಂದು ಕೂಡಿಕೆಗೆ 10 ಮೈಕ್ರೋಸೆಕೆಂಡ್ ಹಿಡಿದರೆ ಒಟ್ಟು 1.6 ಮಿಲಿಸೆಕೆಂಡ್ ಸೇರುತ್ತದೆ, ಗೊತ್ತಾಗುವುದಿಲ್ಲ. ರ‍್ಯಾಮ್‌ಗೆ ಇಳಿದು ಏರುವ ದಾರಿಯಲ್ಲಿ ಅದೇ 50 ಆದರೆ 8 ಮಿಲಿಸೆಕೆಂಡ್ ಸೇರಿ ಲಾಭದ ಮೂರನೆಯ ಒಂದು ಪಾಲಿಗಿಂತ ಹೆಚ್ಚನ್ನು ನುಂಗಿಬಿಡುತ್ತದೆ.

ಬ್ರಿಡ್ಜಿನ ಬೆಲೆ ನಿಚ್ಚಳವಾಗಿ ಕಾಣುವುದು ಉದ್ದನೆಯ ಪಠ್ಯವನ್ನು ಮಾದರಿಗೆ ಓದಿಸುವಾಗ. 4000 ಟೋಕನ್‌ಗಳ ದಾಖಲೆಯೊಂದನ್ನು ಒಟ್ಟಿಗೆ ಕೊಟ್ಟರೆ ಪ್ರತಿ ಕೂಡಿಕೆಯಲ್ಲಿ 16 ಕೆಬಿಯ ಬದಲು ಸುಮಾರು 65 ಎಂಬಿ ದಾಟುತ್ತದೆ. 160 ಕೂಡಿಕೆಗಳಿಗೆ ಒಟ್ಟು 10 ಜಿಬಿ ಮೀರುತ್ತದೆ. ಮೂರನೆಯ ಪೀಳಿಗೆಯ ಎಂಟು ಲೇನ್‌ಗಳಲ್ಲಿ ಇದಕ್ಕೆ ಏನಿಲ್ಲವೆಂದರೂ ಒಂದೂಕಾಲು ಸೆಕೆಂಡ್, ಎನ್‌ವಿಲಿಂಕ್‌ನಲ್ಲಿ ಸುಮಾರು 0.2 ಸೆಕೆಂಡ್. ಒಬ್ಬರೇ ಕೂತು ಮಾದರಿಯೊಡನೆ ಹರಟುವವರಿಗೆ ಈ ಒಂದು ಸೆಕೆಂಡ್ ಏನೂ ಅಲ್ಲ. ಹತ್ತಾರು ಜನರ ಕೋರಿಕೆಗಳನ್ನು ಒಮ್ಮೆಗೇ ನಿಭಾಯಿಸುವ ಸರ್ವರಿನಲ್ಲಿ ಅದು ದಿನವಿಡೀ ಸುರಿಯುವ ನಷ್ಟ.

ಮಾದರಿಗೆ ತರಬೇತಿ ಕೊಡುವವರ ಅಗತ್ಯ ಇದಕ್ಕಿಂತ ನೇರ. ಒಂದು ಬಿಲಿಯನ್ ಪ್ಯಾರಾಮೀಟರಿನ ಮಾದರಿಯನ್ನು ಎರಡೂ ಕಾರ್ಡ್‌ಗಳಲ್ಲಿ ಒಂದೊಂದು ಪ್ರತಿಯಾಗಿ ಇಟ್ಟು, ಬೇರೆ ಬೇರೆ ಪಾಠ ಕೊಟ್ಟು, ಪ್ರತಿ ಹಂತದ ಕೊನೆಯಲ್ಲಿ ಇಬ್ಬರ ತಿದ್ದುಪಡಿಗಳನ್ನು ಸರಾಸರಿ ಮಾಡುವುದು ಸಾಮಾನ್ಯ ಕ್ರಮ. ಆ ತಿದ್ದುಪಡಿಗಳ ಗಾತ್ರವೇ 2 ಜಿಬಿ. ಸೆಕೆಂಡಿಗೆ 8 ಜಿಬಿ ಸಾಗುವ ದಾರಿಯಲ್ಲಿ ಅದಕ್ಕೆ ಕಾಲು ಸೆಕೆಂಡ್ ಬೇಕು, ಬ್ರಿಡ್ಜಿನಲ್ಲಿ ಅದರ ಏಳನೆಯ ಒಂದು ಭಾಗ. ಒಂದು ಹಂತದ ಲೆಕ್ಕಾಚಾರಕ್ಕೇ ಐದು ಸೆಕೆಂಡ್ ಹಿಡಿಯುವಂತಿದ್ದರೆ ಕಾಲು ಸೆಕೆಂಡನ್ನು ಮರೆಯಬಹುದು. ಅರ್ಧ ಸೆಕೆಂಡಿಗೆ ಹಂತ ಮುಗಿಯುವಂತಿದ್ದರೆ ಎರಡನೆಯ ಕಾರ್ಡಿಗೆ ಕೊಟ್ಟ ಹಣದಲ್ಲಿ ದೊಡ್ಡ ಪಾಲು ದಾರಿಯಲ್ಲೇ ಕರಗುತ್ತದೆ. ಮೂಲ ಮಾದರಿಯನ್ನು ಹಾಗೆಯೇ ಬಿಟ್ಟು ಅದರ ಮೇಲೆ ಸಣ್ಣ ಪೂರಕ ಪದರವನ್ನು ಮಾತ್ರ ತಿದ್ದುವ ಲೋರಾ ವಿಧಾನದಲ್ಲಿ ಹಂಚಿಕೊಳ್ಳಬೇಕಾದ ತಿದ್ದುಪಡಿಗಳೇ ಅತ್ಯಲ್ಪವಾದ್ದರಿಂದ, ಪ್ರತಿ ಕಾರ್ಡಿನಲ್ಲಿ ಮಾದರಿಯ ಪೂರ್ತಿ ಪ್ರತಿ ಹಿಡಿಸುವವರೆಗೆ ಬ್ರಿಡ್ಜಿನ ಮಾತೇ ಏಳುವುದಿಲ್ಲ.

ಬ್ರಿಡ್ಜ್ ಬೇಕೆಂದು ತೀರ್ಮಾನಿಸಿದವರು ಅಳತೆಯ ಬಗ್ಗೆ ಎಚ್ಚರ ವಹಿಸಬೇಕು. ಇದು ಬಾಗುವ ತಂತಿಯಲ್ಲ, ಗಟ್ಟಿ ಪಟ್ಟಿ. ಎರಡು ಸ್ಲಾಟ್‌ಗಳ ನಡುವಿನ ಅಂತರಕ್ಕೆ ಸರಿಯಾದದ್ದನ್ನೇ ಕೊಳ್ಳಬೇಕು. ಕಾರ್ಡ್‌ಗಳ ಎತ್ತರ ಬೇರೆ ಬೇರೆಯಾಗಿದ್ದರೆ ಕನೆಕ್ಟರ್‌ಗಳು ಒಂದೇ ಮಟ್ಟಕ್ಕೆ ಬರದೆ ಪಟ್ಟಿ ಕೂರುವುದೇ ಇಲ್ಲ. 20ನೇ ಸರಣಿಯ ಬ್ರಿಡ್ಜ್ 3090ಕ್ಕೆ ಆಗದು. ಜೋಡಿಸಿದ ಮೇಲೆ ಲಿನಕ್ಸಿನಲ್ಲಿ ಎನ್‌ವಿಡಿಯಾ-ಎಸ್‌ಎಂಐ ಆದೇಶದ ಟೋಪೋ ನೋಟವನ್ನು (nvidia-smi topo -m) ತೆರೆದರೆ ಎರಡು ಕಾರ್ಡ್‌ಗಳು ಸೇರುವ ಮನೆಯಲ್ಲಿ ‘ಎನ್‌ವಿ4’ ಎಂದು ಕಾಣಬೇಕು, ನಾಲ್ಕು ಕೊಂಡಿಗಳೂ ಎಚ್ಚರವಾಗಿವೆ ಎಂದು ಅದರ ಅರ್ಥ. ‘ಪಿಎಚ್‌ಬಿ’ ಎಂದು ಕಂಡರೆ ದತ್ತಾಂಶ ಇನ್ನೂ ಪ್ರೊಸೆಸರ್ ಮೂಲಕವೇ ಸಾಗುತ್ತಿದೆ.

ಬಿಸಿಯ ವಿಷಯ ಬ್ರಿಡ್ಜ್ ಇದ್ದವರಿಗೂ ಇಲ್ಲದವರಿಗೂ ಒಂದೇ. ಸಾಮಾನ್ಯ ಟವರ್ ಪೆಟ್ಟಿಗೆಯಲ್ಲಿ ಕಾರ್ಡಿನ ಫ್ಯಾನ್‌ಗಳು ಕೆಳಮುಖವಾಗಿಯೂ ಬೆನ್ನು ಮೇಲ್ಮುಖವಾಗಿಯೂ ಇರುತ್ತವೆ. 3090ರಲ್ಲಿ 24 ಮೆಮೊರಿ ಚಿಪ್‌ಗಳಿದ್ದು ಅವುಗಳಲ್ಲಿ 12 ಬೆನ್ನಿನ ಕಡೆಗಿವೆ. ಕೆಳಗಿನ ಕಾರ್ಡಿನ ಕಾದ ಬೆನ್ನಿನ ಮೇಲಿನ ಗಾಳಿಯನ್ನೇ ಮೇಲಿನ ಕಾರ್ಡಿನ ಫ್ಯಾನ್‌ಗಳು ಎಳೆದುಕೊಳ್ಳುವುದರಿಂದ ಮೇಲಿನದು ಮೊದಲು ಕಾಯುತ್ತದೆ. ನಡುವೆ ಒಂದು ಸ್ಲಾಟಿನಷ್ಟಾದರೂ ಖಾಲಿ ಜಾಗ ಬಿಡದಿದ್ದರೆ ಎರಡೂ ಕಾರ್ಡ್‌ಗಳು ವೇಗ ತಗ್ಗಿಸಿಕೊಂಡು ಉಸಿರಾಡತೊಡಗುತ್ತವೆ. ವಿದ್ಯುತ್ತಿನ ಲೆಕ್ಕವೂ ಸಣ್ಣದಲ್ಲ. ಕಾರ್ಡಿಗೆ 350 ವ್ಯಾಟ್‌ನಂತೆ 700, ಪ್ರೊಸೆಸರ್ ಮತ್ತಿತರ ಭಾಗಗಳಿಗೆ 200. ಪವರ್ ಸಪ್ಲೈನ ನಷ್ಟವನ್ನೂ ಸೇರಿಸಿದರೆ ಗೋಡೆಯಿಂದ ಎಳೆಯುವುದು ಸುಮಾರು 1000 ವ್ಯಾಟ್. ನಮ್ಮ ಮನೆಗಳ 230 ವೋಲ್ಟ್, 6 ಆ್ಯಂಪ್ ಪ್ಲಗ್ ಇದನ್ನು ತಡೆಯಬಲ್ಲದಾದರೂ ಅದೇ ಎಕ್ಸ್‌ಟೆನ್ಷನ್ ಬೋರ್ಡಿಗೆ ಬೇರೇನನ್ನೂ ಸಿಕ್ಕಿಸದಿರುವುದು ಕ್ಷೇಮ, ಮತ್ತು ಮನೆಯ ಕಂಪ್ಯೂಟರಿಗೆಂದು ಇಟ್ಟಿರುವ 600 ವಿಎ ಯುಪಿಎಸ್ ಈ ಭಾರಕ್ಕೆ ಕೂಡಲೇ ಕೈಚೆಲ್ಲುತ್ತದೆ. ಪ್ರತಿ ಕಾರ್ಡಿನ ಮಿತಿಯನ್ನು ಅದೇ ಎನ್‌ವಿಡಿಯಾ-ಎಸ್‌ಎಂಐ ಆದೇಶದಿಂದ 250 ಅಥವಾ 280 ವ್ಯಾಟ್‌ಗೆ ಇಳಿಸಿಡುವುದು ಸುಲಭದ ಉಪಾಯ. ಭಾಷಾ ಮಾದರಿಯಿಂದ ಉತ್ತರ ಪಡೆಯುವ ಕೆಲಸದಲ್ಲಿ ಮೆಮೊರಿ ಓದುವ ವೇಗವೇ ಮಿತಿಯಾದ್ದರಿಂದ ಇದರಿಂದಾಗುವ ನಷ್ಟ ಅಲ್ಪ. ಪದರಗಳನ್ನು ನಲವತ್ತು ನಲವತ್ತಾಗಿ ಹಂಚಿ ಸರದಿಯಲ್ಲಿ ಓಡಿಸುವವರಿಗಂತೂ ಎರಡು ಕಾರ್ಡ್‌ಗಳು ಒಂದೇ ಕ್ಷಣದಲ್ಲಿ ಪೂರ್ತಿ ವಿದ್ಯುತ್ ಎಳೆಯುವ ಸಂದರ್ಭವೇ ಅಪರೂಪ.